ಕಂಪೈಲರ್ ಬರೀ ಅನುವಾದಕ ಅಲ್ಲ

ಬೋಧನಾಭ್ಯಾಸದ ವಾರಗಳಲ್ಲಿ ಕೊಳ್ಳೇಗಾಲ, ಹನೂರು, ಯಳಂದೂರು ತಾಲ್ಲೂಕುಗಳ ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜುಗಳಿಗೆ ಹೋಗಿ ಗಣಕ ವಿಜ್ಞಾನದ ಪಾಠಗಳನ್ನು ವೀಕ್ಷಿಸುವುದು ನನ್ನ ಕೆಲಸದ ಒಂದು ಭಾಗ. ಕಂಪೈಲರ್ ಎಂಬ ಉಪಘಟಕ ಬಂದಾಗಲೆಲ್ಲ ಕಪ್ಪುಹಲಗೆಯ ಮೇಲೆ ಒಂದೇ ವಾಕ್ಯ ಕಾಣುತ್ತದೆ: ‘ಉನ್ನತ ಮಟ್ಟದ ಭಾಷೆಯಲ್ಲಿ ಬರೆದ ಪ್ರೋಗ್ರಾಮನ್ನು ಯಂತ್ರಭಾಷೆಗೆ ಅನುವಾದಿಸುವ ತಂತ್ರಾಂಶವೇ ಕಂಪೈಲರ್.’ ಪ್ರಶಿಕ್ಷಣಾರ್ಥಿ ಅದನ್ನು ಎರಡು ಸಲ ಓದುತ್ತಾರೆ, ಮಕ್ಕಳು ಬರೆದುಕೊಳ್ಳುತ್ತಾರೆ, ಕಂಪೈಲರ್‌ಗೂ ಇಂಟರ್‌ಪ್ರಿಟರ್‌ಗೂ ಇರುವ ವ್ಯತ್ಯಾಸಗಳ ಪಟ್ಟಿ ಬರುತ್ತದೆ, ಮೌಲ್ಯಮಾಪನದ ಪ್ರಶ್ನೆ ಬರುತ್ತದೆ, ಗಂಟೆ ಹೊಡೆಯುತ್ತದೆ. ಈ ವಾಕ್ಯಕ್ಕೆ ಪರೀಕ್ಷೆಯಲ್ಲಿ ಪೂರ್ತಿ ಅಂಕ ಸಿಗುತ್ತದೆ. ಆದರೂ ಅದು ಅರ್ಧ ಮಾತು. ಉಳಿದರ್ಧವನ್ನೂ ತರಗತಿಯಲ್ಲಿ ಹೇಳಬೇಕು, ಹೇಳುವುದು ಕಷ್ಟವೇನಲ್ಲ ಎಂಬುದು ನನ್ನ ಅಭಿಪ್ರಾಯ.

‘ಅನುವಾದ’ ಎಂದ ಕೂಡಲೇ ಮಗುವಿನ ಮನಸ್ಸಿನಲ್ಲಿ ಮೂಡುವುದು ಇಂಗ್ಲಿಷ್ ಪಾಠದ ಚಿತ್ರ: ಈ ಕಡೆ ಒಂದು ವಾಕ್ಯ, ಆ ಕಡೆ ಅದರ ಕನ್ನಡ. ನಾನು ಹತ್ತು ಸಾಲು ಬರೆದರೆ ಯಂತ್ರವೂ ಅದೇ ಹತ್ತು ಕೆಲಸಗಳನ್ನು ಅದೇ ಕ್ರಮದಲ್ಲಿ ಮಾಡುತ್ತದೆ ಎಂದು ಮಗು ನಂಬುತ್ತದೆ. ಅಂಕಪಟ್ಟಿ ಮುದ್ರಿಸುವಂಥ ಸಣ್ಣ ಪ್ರೋಗ್ರಾಮುಗಳಲ್ಲಿ ಈ ನಂಬಿಕೆಗೆ ಪೆಟ್ಟು ಬೀಳುವುದಿಲ್ಲ. ಆದರೆ ಡ್ರೈವರುಗಳಲ್ಲಿ ಬೇಗ ಪೆಟ್ಟು ಬೀಳುತ್ತದೆ. ಕೀಬೋರ್ಡು, ಪ್ರಿಂಟರು, ವೈಫೈ ಕಡ್ಡಿ ಮುಂತಾದ ಸಾಧನಗಳ ಜೊತೆ ನೇರವಾಗಿ ಮಾತಾಡಿ ಅವನ್ನು ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲಿಗೆ ಜೋಡಿಸುವ ತಂತ್ರಾಂಶಕ್ಕೆ ಡ್ರೈವರ್ ಎನ್ನುತ್ತೇವೆ. ಕಂಪೈಲರಿನ ನಿಜವಾದ ಸ್ವಭಾವ ಅಲ್ಲಿ ಚೆನ್ನಾಗಿ ಕಾಣುವುದರಿಂದ ನನ್ನ ಉದಾಹರಣೆಗಳೆಲ್ಲ ಅಲ್ಲಿಂದಲೇ ಬಂದವು.

ಗೌಸ್‌ನ ಸ್ಲೇಟು

ಒಂದರಿಂದ ನೂರರವರೆಗೆ ಕೂಡಿಸಿ ಎಂದು ಮೇಷ್ಟ್ರು ಹೇಳಿ ಕೂರುವಷ್ಟರಲ್ಲಿ ಬಾಲಕ ಗೌಸ್ 5050 ಎಂದು ಬರೆದ ಸ್ಲೇಟನ್ನು ತಂದಿಟ್ಟ ಕಥೆ ನಮ್ಮ ಗಣಿತ ಶಿಕ್ಷಕರಿಗೆಲ್ಲ ಗೊತ್ತು. ಉಳಿದವರು ಒಂದೊಂದಾಗಿ ಕೂಡಿಸುತ್ತಿದ್ದಾಗ ಅವನು 101ನ್ನು 50ರಿಂದ ಗುಣಿಸಿದ. ಉತ್ತರವನ್ನಷ್ಟೇ ನೋಡುವ ಮೇಷ್ಟ್ರಿಗೆ ಯಾರು ಯಾವ ದಾರಿಯಲ್ಲಿ ಬಂದರೆಂದು ತಿಳಿಯುವುದಿಲ್ಲ.

ಕಂಪೈಲರೂ ಹೀಗೇ ಮಾಡುತ್ತದೆ. ಒಂದರಿಂದ ಯಾವುದೋ ಒಂದು ಸಂಖ್ಯೆಯವರೆಗೆ ಕೂಡಿಸುವ ಲೂಪನ್ನು ಸಿ ಭಾಷೆಯಲ್ಲಿ ಬರೆದು ಕ್ಲ್ಯಾಂಗ್ ಕಂಪೈಲರಿಗೆ ಓ2 ಮಟ್ಟದಲ್ಲಿ ಕೊಟ್ಟರೆ, ಹೊರಬರುವ ಯಂತ್ರಸಂಕೇತದಲ್ಲಿ ಲೂಪೇ ಇರುವುದಿಲ್ಲ. ಅದರ ಜಾಗದಲ್ಲಿ ಗೌಸ್‌ನ ಗುಣಾಕಾರ ಇರುತ್ತದೆ. ಇದೇ ಆಪ್ಟಿಮೈಸೇಶನ್.

ಕಂಪೈಲರಿಗೆ ಇಂಥ ಸ್ವಾತಂತ್ರ್ಯ ಎಷ್ಟಿರಬೇಕು ಎಂಬುದನ್ನು ನಾವೇ ತಿಳಿಸಬಹುದು. ಜಿಸಿಸಿ ಕಂಪೈಲರಿನಲ್ಲಿ ಅದಕ್ಕೆ ಒಂದು ಅಡ್ಡಗೆರೆ, ‘ಓ’ ಅಕ್ಷರ, ಅದರ ಮುಂದೆ ಒಂದು ಅಂಕಿ ಬರೆಯುತ್ತೇವೆ. ಏನೂ ಬರೆಯದಿದ್ದರೆ ಅದು ಓ0. ಆಗ ಕಂಪೈಲರ್ ಹೆಚ್ಚುಕಡಿಮೆ ಸಾಲಿಗೆ ಸಾಲು ಬರೆಯುತ್ತದೆ. ಪ್ರೋಗ್ರಾಮು ನಿಧಾನ, ಆದರೆ ತಪ್ಪು ಹುಡುಕುವುದು ಸುಲಭ. ಓ1ರಲ್ಲಿ ಕೆಲವು ಸುಧಾರಣೆಗಳು. ಓ2ರಲ್ಲಿ, ಸಂಕೇತದ ಗಾತ್ರವನ್ನು ವಿಪರೀತ ಹಿಗ್ಗಿಸದ ಸುಧಾರಣೆಗಳು ಬಹುತೇಕ ಎಲ್ಲವೂ. ಓ3ರಲ್ಲಿ ಗಾತ್ರ ಹಿಗ್ಗಿದರೂ ಸರಿ, ವೇಗ ಬೇಕು. ಓಎಸ್‌ನಲ್ಲಿ ಗಾತ್ರ ಚಿಕ್ಕದಾಗಿರುವುದೇ ಗುರಿ. ತಪ್ಪು ಹುಡುಕುವವರಿಗೆ ಅನುಕೂಲವಾಗಲೆಂದು 2013ರಲ್ಲಿ ಓಜಿ ಎಂಬ ಮಟ್ಟವನ್ನೂ ಸೇರಿಸಿದರು.

ಈ ಎಲ್ಲ ಮಟ್ಟಗಳಲ್ಲೂ ಕಂಪೈಲರ್ ಪಾಲಿಸುವ ನಿಯಮ ಒಂದೇ. ಹೊರಗೆ ಕಾಣುವ ಫಲಿತಾಂಶ ಬದಲಾಗಬಾರದು. ಅದಕ್ಕೆ ಬರುವ ದಾರಿ ಹೇಗಾದರೂ ಇರಬಹುದು. ‘ಹೊರಗೆ ಕಾಣುವುದು’ ಎಂದರೆ ಏನು ಎಂಬುದನ್ನು ಭಾಷೆಯ ನಿಯಮಗ್ರಂಥ ತೀರ್ಮಾನಿಸುತ್ತದೆ. ಪರದೆಯ ಮೇಲೆ ಮುದ್ರಿಸಿದ್ದು, ಫೈಲಿಗೆ ಬರೆದದ್ದು ಹೊರಗೆ ಕಾಣುತ್ತದೆ. ನಡುವೆ ಒಂದು ಚರಾಕ್ಷರಕ್ಕೆ ಎಷ್ಟು ಸಲ ಬೆಲೆ ಕೊಟ್ಟಿರಿ, ಎಷ್ಟು ಸಲ ಅದನ್ನು ಓದಿದಿರಿ ಎಂಬುದು ಸಾಮಾನ್ಯವಾಗಿ ಕಾಣುವುದಿಲ್ಲ. ಡ್ರೈವರಿನ ತೊಂದರೆ ಶುರುವಾಗುವುದು ಇಲ್ಲಿಂದ.

ಹನೂರು ಬಸ್ಸು ಬಂತಾ?

ಕೊಳ್ಳೇಗಾಲದ ಬಸ್ ನಿಲ್ದಾಣದಲ್ಲಿ ಅಜ್ಜಿ ಬೆಂಚಿನ ಮೇಲೆ ಕೂತು ಮೊಮ್ಮಗನಿಗೆ, ‘ಮಗಾ, ಹನೂರು ಬಸ್ಸು ಬರೋತನಕ ನೋಡ್ತಾ ಇರು’ ಎನ್ನುತ್ತಾಳೆ ಎಂದಿಟ್ಟುಕೊಳ್ಳಿ. ಹುಡುಗ ಒಂದು ಸಲ ತಿರುಗಿ ನೋಡುತ್ತಾನೆ. ಬಸ್ಸಿಲ್ಲ. ಆಮೇಲೆ ಕತ್ತು ತಿರುಗಿಸದೆ, ‘ಬಂದಿಲ್ಲ, ಬಂದಿಲ್ಲ, ಬಂದಿಲ್ಲ’ ಎಂದು ಹೇಳುತ್ತಲೇ ಇರುತ್ತಾನೆ. ಬಸ್ಸು ಬಂದು ಹೋಗುತ್ತದೆ. ಯಾಕೋ ಹೀಗೆ ಮಾಡಿದೆ ಎಂದು ಕೇಳಿದರೆ ಅವನ ಬಳಿ ತರ್ಕ ಇದೆ: ‘ಬಸ್ಸನ್ನು ನೀವೂ ಮುಟ್ಟಲಿಲ್ಲ, ನಾನೂ ಮುಟ್ಟಲಿಲ್ಲ. ನಮ್ಮಿಬ್ಬರಲ್ಲಿ ಯಾರೂ ಬದಲಿಸದ್ದು ಹೇಗೆ ಬದಲಾದೀತು? ಮತ್ತೆ ನೋಡುವುದು ದಂಡದ ಕೆಲಸ.’

ಡ್ರೈವರುಗಳಲ್ಲಿ ಈ ಅಜ್ಜಿಯ ಮಾತಿನಂಥ ಲೂಪು ಪದೇ ಪದೇ ಬರುತ್ತದೆ. ಸಾಧನದ ಸ್ಥಿತಿಯನ್ನು ತಿಳಿಸುವ ರಿಜಿಸ್ಟರ್ ಒಂದಿರುತ್ತದೆ. ‘ಸಿದ್ಧ’ ಎಂಬ ಗುರುತು ಬರುವವರೆಗೂ ಅದನ್ನು ಓದುತ್ತಿರಬೇಕು. ಪ್ರೋಗ್ರಾಮಿನ ಒಳಗೆ ಆ ರಿಜಿಸ್ಟರನ್ನು ಯಾರೂ ಬದಲಿಸುವುದಿಲ್ಲ, ಸಾಧನವೇ ಬದಲಿಸುತ್ತದೆ. ಕಂಪೈಲರಿಗೆ ಸಾಧನ ಕಾಣುವುದಿಲ್ಲ. ಓ0ರಲ್ಲಿ ಅದು ಪ್ರತಿ ಸುತ್ತಿನಲ್ಲೂ ಓದುತ್ತದೆ, ಡ್ರೈವರು ನಡೆಯುತ್ತದೆ. ಓ2ರಲ್ಲಿ ಒಂದು ಸಲ ಓದಿ, ಆ ಬೆಲೆಯನ್ನೇ ಇಟ್ಟುಕೊಂಡು ಕೊನೆಯಿಲ್ಲದೆ ಸುತ್ತುತ್ತದೆ, ಯಂತ್ರ ನಿಂತುಹೋಗುತ್ತದೆ. ಬರೆದ ಸಾಲುಗಳು ಅವೇ, ಬದಲಾದದ್ದು ಒಂದು ಅಂಕಿ.

ಇಂಥವು ಇನ್ನೂ ಇವೆ. ಸಾಧನವನ್ನು ಮೊದಲ ಸ್ಥಿತಿಗೆ ತರಲು ಒಂದು ರಿಜಿಸ್ಟರಿಗೆ 1 ಬರೆದು ತಕ್ಷಣ 0 ಬರೆಯಬೇಕು. ಕೊನೆಗೆ ಉಳಿಯುವುದು 0 ತಾನೇ, 1 ಬರೆಯುವುದು ಯಾಕೆ ಎಂದು ಕಂಪೈಲರ್ ಮೊದಲನೆಯದನ್ನು ತೆಗೆದುಹಾಕಬಹುದು. ಸ್ವಲ್ಪ ಹೊತ್ತು ಕಾಯಲೆಂದು ಬರೆದ ಖಾಲಿ ಲೂಪನ್ನು ಪೂರ್ತಿ ಅಳಿಸಬಹುದು. ಪಾಸ್‌ವರ್ಡು ಇದ್ದ ಜಾಗವನ್ನು ಕೊನೆಯಲ್ಲಿ ಸೊನ್ನೆಯಿಂದ ಒರೆಸುವ ಸಾಲನ್ನು, ಆ ಜಾಗವನ್ನು ಮುಂದೆ ಯಾರೂ ಓದುವುದಿಲ್ಲವೆಂದು ಬಿಟ್ಟುಬಿಡಬಹುದು.

ಇದಕ್ಕೆ ಮದ್ದು ಆಪ್ಟಿಮೈಸೇಶನ್ ನಿಲ್ಲಿಸುವುದಲ್ಲ. ‘ಇದು ನಿನ್ನ ಕಣ್ಣಿಗೆ ಬೀಳದ ಕಡೆಯಿಂದ ಬದಲಾಗುತ್ತದೆ, ಪ್ರತಿ ಸಲವೂ ನೋಡು’ ಎಂದು ಕಂಪೈಲರಿಗೆ ಬಾಯಿಬಿಟ್ಟು ಹೇಳಬೇಕು. ಸಿ ಭಾಷೆಯಲ್ಲಿ ಅದಕ್ಕೆ ‘ವೊಲಟೈಲ್’ ಎಂಬ ಪದ ಇದೆ. ಲಿನಕ್ಸ್ ಕರ್ನಲ್ ಬರೆಯುವವರು ಆ ಪದವನ್ನು ಎಲ್ಲೆಂದರಲ್ಲಿ ಅಂಟಿಸಬೇಡಿ ಎನ್ನುತ್ತಾರೆ. ಕರ್ನಲಿನ ದಸ್ತಾವೇಜಿನಲ್ಲಿ ಅದಕ್ಕೆಂದೇ ಒಂದು ಬರಹ ಇದೆ. ಸಾಧನವನ್ನು ಓದಲು ರೀಡ್‌ಎಲ್, ಬರೆಯಲು ರೈಟ್‌ಎಲ್, ಕಾಯಲು ಯುಡಿಲೇ, ಗುಟ್ಟಿನ ಮಾಹಿತಿ ಒರೆಸಲು ಮೆಮ್‌ಜೀರೋ-ಎಕ್ಸ್‌ಪ್ಲಿಸಿಟ್ ಎಂಬ ಸಿದ್ಧ ಫಂಕ್ಷನ್‌ಗಳನ್ನು ಅವರು ಕೊಟ್ಟಿದ್ದಾರೆ. ಎಲ್ಲಿ ಕಟ್ಟುನಿಟ್ಟು ಬೇಕೋ ಅಲ್ಲಿ ಮಾತ್ರ ಹೇಳಿ, ಉಳಿದ ಕಡೆ ಕಂಪೈಲರನ್ನು ಅದರ ಪಾಡಿಗೆ ಬಿಡುವುದು ಅವರ ರೀತಿ.

ಓ0 ಯಾಕೆ ಆಗದು?

ಹಾಗಾದರೆ ಡ್ರೈವರುಗಳನ್ನೆಲ್ಲ ಓ0ರಲ್ಲೇ ಕಟ್ಟಿದರೆ ಗೋಜಿಲ್ಲವಲ್ಲ ಎಂದು ಬುದ್ಧಿವಂತ ವಿದ್ಯಾರ್ಥಿ ಕೇಳುತ್ತಾನೆ. ಕೇಳಬೇಕು. ಉತ್ತರ ಅವನನ್ನು ಬೆರಗುಗೊಳಿಸುತ್ತದೆ: ಲಿನಕ್ಸ್ ಕರ್ನಲನ್ನು ಓ0ರಲ್ಲಿ ಕಟ್ಟಲು ಬರುವುದೇ ಇಲ್ಲ. ಅದು ರೂಢಿಯಿಂದ ಓ2ರಲ್ಲಿ ಕಟ್ಟಲ್ಪಡುತ್ತದೆ. ಗಾತ್ರ ಮುಖ್ಯವಾದವರಿಗೆ ಓಎಸ್ ಆಯ್ಕೆ ಇದೆ.

ಕಾರಣವನ್ನು ನಮ್ಮ ಪಾಠಯೋಜನೆಯ ಮಾತಿನಲ್ಲೇ ಹೇಳಬಹುದು. ಒಂದು ಮಾದರಿ ಪಾಠಯೋಜನೆಯಲ್ಲಿ ‘ಪ್ರೊಜೆಕ್ಟರ್ ಇದ್ದರೆ ಮೂರನೆಯ ವಿಡಿಯೊ ತೋರಿಸಿ’ ಎಂದಿದೆ. ನಿಮ್ಮ ಶಾಲೆಯಲ್ಲಿ ಪ್ರೊಜೆಕ್ಟರ್ ಇಲ್ಲ. ತಿಳಿದ ಶಿಕ್ಷಕಿ ಆ ಸಾಲನ್ನು ಹೊಡೆದುಹಾಕಿ ಮುಂದೆ ಹೋಗುತ್ತಾರೆ. ಅಕ್ಷರಶಃ ನಡೆಯುವವರು ಯೋಜನೆಯ ಎಲ್ಲ ಸಾಮಗ್ರಿಗಳನ್ನೂ ಮೊದಲು ಒಟ್ಟುಮಾಡಲು ಹೊರಟು, ಮೂರನೆಯ ವಿಡಿಯೊ ಸಿಗದೆ ಪಾಠವನ್ನೇ ಶುರುಮಾಡುವುದಿಲ್ಲ. ಕರ್ನಲಿನಲ್ಲಿ ‘ಈ ಸೌಲಭ್ಯ ಆಯ್ಕೆಯಾಗಿದ್ದರೆ ಈ ಫಂಕ್ಷನ್ ಕರೆ’ ಎಂಬ ಸಾಲುಗಳು ತುಂಬಿವೆ. ಸೌಲಭ್ಯ ಆಯ್ಕೆಯಾಗದಿದ್ದರೆ ಆ ಫಂಕ್ಷನ್ ಎಲ್ಲೂ ಇರುವುದೇ ಇಲ್ಲ. ಓ2ರಲ್ಲಿ ಕಂಪೈಲರ್ ಆ ಸತ್ತ ಸಾಲನ್ನು ತೆಗೆದುಹಾಕುತ್ತದೆ ಎಂದು ನಂಬಿಯೇ ಹಾಗೆ ಬರೆದಿದ್ದಾರೆ. ಓ0ರಲ್ಲಿ ಸಾಲು ಉಳಿಯುತ್ತದೆ, ಇಲ್ಲದ ಫಂಕ್ಷನ್ನನ್ನು ಹುಡುಕುತ್ತದೆ, ಜೋಡಣೆ ಅಲ್ಲಿಗೆ ನಿಲ್ಲುತ್ತದೆ. ಕಟ್ಟುವಾಗಲೇ ತಪ್ಪು ಹಿಡಿಯುವ ಕೆಲವು ಪರೀಕ್ಷೆಗಳು, ಅಸೆಂಬ್ಲಿ ಭಾಷೆಯ ತುಣುಕುಗಳು ಕೂಡ ಓ2 ಇದೆಯೆಂಬ ನಂಬಿಕೆಯ ಮೇಲೆ ನಿಂತಿವೆ.

ಇನ್ನೊಂದು ಕಾರಣ ಜಾಗದ್ದು. ಲಿನಕ್ಸಿನಲ್ಲಿ ಸಾಮಾನ್ಯ ಪ್ರೋಗ್ರಾಮಿಗೆ ರೂಢಿಯಿಂದ 8 ಮೆಗಾಬೈಟ್ ಸ್ಟ್ಯಾಕ್ ಸಿಗುತ್ತದೆ. ನಮ್ಮ ಲ್ಯಾಬುಗಳಲ್ಲಿರುವಂಥ 64 ಬಿಟ್ ಯಂತ್ರಗಳಲ್ಲಿ ಕರ್ನಲ್ ಒಳಗಿನ ಕೆಲಸಕ್ಕೆ ಸಿಗುವುದು 16 ಕಿಲೋಬೈಟ್ ಮಾತ್ರ. ಓ0ರಲ್ಲಿ ಪ್ರತಿಯೊಂದು ಚರಾಕ್ಷರವೂ ಸ್ಟ್ಯಾಕಿನಲ್ಲಿ ಜಾಗ ಹಿಡಿಯುತ್ತದೆ. ಸಣ್ಣ ಮನೆಯಲ್ಲಿ ಎಲ್ಲ ಪಾತ್ರೆಗಳನ್ನೂ ನೆಲದ ಮೇಲೆ ಹರಡಿದಂತಾಗುತ್ತದೆ.

ಓ3 ಯಾಕಲ್ಲ ಎಂಬ ಪ್ರಶ್ನೆಯೂ ಬರುತ್ತದೆ. ಹೆಚ್ಚಿನ ಅಂಕಿ ಎಂದರೆ ಹೆಚ್ಚು ಒಳ್ಳೆಯದು ಎಂಬ ಭಾವನೆ ಮಕ್ಕಳಲ್ಲಿದೆ, ನಮ್ಮಲ್ಲೂ ಇದೆ. ಓ3ರಲ್ಲಿ ಸಂಕೇತ ಹಿಗ್ಗಿದಾಗ ಅದು ಪ್ರೊಸೆಸರಿನ ಪುಟ್ಟ ಕ್ಯಾಶ್ ಸ್ಮೃತಿಯಲ್ಲಿ ಹಿಡಿಸದೆ ನಿಧಾನವಾಗುವುದೂ ಉಂಟು. ಕರ್ನಲಿಗೆ ಓ3 ಆಯ್ಕೆ ಕೊಡೋಣವೆಂಬ ಸಲಹೆ 2022ರಲ್ಲಿ ಬಂದಾಗ ಲೈನಸ್ ಟೊರ್ವಾಲ್ಡ್ಸ್ ಒಪ್ಪಲಿಲ್ಲ.

ಹಾಜರಿ ಕೇಳದ ಡ್ರೈವರು

2009ರ ಒಂದು ಪ್ರಸಂಗವನ್ನು ಗಣಕ ವಿಜ್ಞಾನದ ಪ್ರತಿಯೊಬ್ಬ ಪ್ರಶಿಕ್ಷಣಾರ್ಥಿಯೂ ತಿಳಿದಿರಬೇಕೆಂದು ನನಗೆ ಅನಿಸುತ್ತದೆ. ಲಿನಕ್ಸಿನಲ್ಲಿ ಟನ್ ಎಂಬ ಡ್ರೈವರಿದೆ. ಇದು ನಿಜವಾದ ತಂತಿ, ಪೆಟ್ಟಿಗೆ ಇಲ್ಲದ, ತಂತ್ರಾಂಶದಲ್ಲೇ ಸೃಷ್ಟಿಯಾದ ಜಾಲಸಾಧನ; ವಿಪಿಎನ್‌ಗಳು ಇದನ್ನು ಬಳಸುತ್ತವೆ. ಅದರ ಒಂದು ಫಂಕ್ಷನ್ನಿನಲ್ಲಿ ಮೊದಲ ಸಾಲು ಒಂದು ಪಾಯಿಂಟರಿನ ಮೂಲಕ ಒಳಗಿನ ಮಾಹಿತಿಯನ್ನು ತೆಗೆದುಕೊಳ್ಳುತ್ತಿತ್ತು. ಅದಾದ ಮೇಲಿನ ಸಾಲು, ಆ ಪಾಯಿಂಟರ್ ಶೂನ್ಯವಾಗಿದ್ದರೆ ಹಿಂದಿರುಗು ಎಂದು ಪರೀಕ್ಷಿಸುತ್ತಿತ್ತು.

ತರಗತಿಯ ಮಾತಿನಲ್ಲಿ ಹೇಳುವುದಾದರೆ, ಶಿಕ್ಷಕರು ‘ಹನ್ನೆರಡನೇ ನಂಬರ್, ಎದ್ದು ಪಾಠ ಓದು’ ಎಂದು ಹೇಳಿ, ಆಮೇಲೆ ‘ಹನ್ನೆರಡನೇ ನಂಬರ್ ಬಂದಿದ್ದಾನೆಯೇ?’ ಎಂದು ಕೇಳಿದಂತೆ. ಕೇಳುತ್ತಿದ್ದವರು ಏನು ತಿಳಿಯುತ್ತಾರೆ? ಓದು ಎಂದಾಗಲೇ ಹುಡುಗ ಇದ್ದಾನೆಂದು ಆಯಿತು, ಇನ್ನು ಹಾಜರಿ ಕೇಳುವುದು ವ್ಯರ್ಥ ಎಂದು. ಜಿಸಿಸಿ ಕೂಡ ಹಾಗೇ ತಿಳಿಯಿತು. ಶೂನ್ಯ ಪಾಯಿಂಟರಿನ ಮೂಲಕ ಓದುವುದು ಸಿ ಭಾಷೆಯ ನಿಯಮದಲ್ಲಿ ಇಲ್ಲ; ಓದಿದ್ದಾರೆಂದರೆ ಅದು ಶೂನ್ಯವಲ್ಲ; ಹಾಗಾಗಿ ಪರೀಕ್ಷೆ ಅನವಶ್ಯಕ. ಓ2ರಲ್ಲಿ ಚಾಲ್ತಿಯಾಗುವ ಒಂದು ಆಪ್ಟಿಮೈಸೇಶನ್ ಪರೀಕ್ಷೆಯ ಸಾಲನ್ನು ಅಳಿಸಿತು. ಪರಿಣಾಮವಾಗಿ, ಸಾಮಾನ್ಯ ಬಳಕೆದಾರನೊಬ್ಬ ಇಡೀ ಯಂತ್ರದ ಒಡೆತನ ಪಡೆಯುವ ದಾರಿ ತೆರೆಯಿತು. ಸಿವಿಇ-2009-1897 ಎಂಬ ಸಂಖ್ಯೆಯಲ್ಲಿ ಅದು ದಾಖಲಾಗಿದೆ. ಸಾಲುಗಳ ಕ್ರಮವನ್ನು ಸರಿಪಡಿಸಿದರು. ಜೊತೆಗೆ, ಇಂಥ ಪರೀಕ್ಷೆಗಳನ್ನು ಅಳಿಸಬೇಡ ಎಂದು ಕಂಪೈಲರಿಗೆ ಹೇಳುವ ಆಯ್ಕೆಯನ್ನು ಕರ್ನಲ್ ಕಟ್ಟುವ ಸೂಚನೆಗಳಲ್ಲಿ ಸೇರಿಸಿದರು.

ಮೂಲ ಸಂಕೇತವನ್ನು ಓದಿದವರ ಕಣ್ಣಿಗೆ ಪರೀಕ್ಷೆಯ ಸಾಲು ಇದ್ದೇ ಇತ್ತು. ಯಂತ್ರದಲ್ಲಿ ಇರಲಿಲ್ಲ. ‘ಕಂಪೈಲರ್ ಅನುವಾದಿಸುತ್ತದೆ’ ಎಂದಷ್ಟೇ ಕಲಿತವರಿಗೆ ಇದು ಅರ್ಥವಾಗುವುದು ಸಾಧ್ಯವಿಲ್ಲ.

ನಮ್ಮ ಲ್ಯಾಬಿಗೆ ಏನು ಸಂಬಂಧ?

ಇದೆಲ್ಲ ದೊಡ್ಡ ಕಂಪನಿಯವರ ವಿಷಯ, ಬೆಟ್ಟದ ಸೀಮೆಯ ನಮ್ಮ ಮಕ್ಕಳಿಗೆ ಯಾಕೆ ಎಂದು ಕೆಲವು ಸಹೋದ್ಯೋಗಿಗಳು ಕೇಳುತ್ತಾರೆ. ಈ ಮೂರು ತಾಲ್ಲೂಕುಗಳ ಒಂದು ಕಾಲೇಜಿನಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ದಾನವಾಗಿ ಬಂದ ಹಳೆಯ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿದ್ದರು. ವೈಫೈ ಕಡ್ಡಿಯ ಡ್ರೈವರು ಕರ್ನಲಿನಲ್ಲಿ ಇರಲಿಲ್ಲ; ತಯಾರಕರ ಮೂಲ ಸಂಕೇತ ತಂದು ಅಲ್ಲೇ ಕಟ್ಟಬೇಕಿತ್ತು. ಕಟ್ಟುವ ಸೂಚನೆಗಳಿರುವ ಮೇಕ್‌ಫೈಲಿನಲ್ಲಿ ಓ1 ಎಂದು ಬರೆದಿತ್ತು. ಅದರ ಕೆಳಗೆ ಓ3 ಎಂಬ ಸಾಲನ್ನು ಟಿಪ್ಪಣಿಯ ಗುರುತು ಹಾಕಿ ಮಲಗಿಸಿದ್ದರು. ಹಳೆಯ ಯಂತ್ರ, ಭಾರ ಬೇಡ ಎಂದು ಅಲ್ಲಿನ ಅತಿಥಿ ಉಪನ್ಯಾಸಕರು ಓ1ನ್ನು ಓ0 ಮಾಡಿದರು. ಪರದೆಯ ತುಂಬ ದೋಷಗಳು. ಕಡ್ಡಿ ಕೆಟ್ಟಿದೆ, ಈ ಯಂತ್ರಕ್ಕೆ ಹೊಂದುವುದಿಲ್ಲ ಎಂದು ತೀರ್ಮಾನಿಸಿ ಬಿಟ್ಟುಬಿಟ್ಟರು. ವಿದ್ಯಾರ್ಥಿವೇತನದ ಅರ್ಜಿ ಹಾಕುವ ದಿನಗಳಲ್ಲಿ ಮಕ್ಕಳು ಲ್ಯಾಬಿನ ಮುಂದಿನಿಂದಲೇ ನಡೆದು ಪೇಟೆಯ ಸೈಬರ್ ಸೆಂಟರಿಗೆ ಹೋಗಿ ದುಡ್ಡು ಕೊಟ್ಟರು. ಒಂದು ಅಂಕಿಯನ್ನು ಮೊದಲಿದ್ದಂತೆ ಮಾಡಿದ ಮೇಲೆ ಡ್ರೈವರು ಕಟ್ಟಿಕೊಂಡಿತು, ವೈಫೈ ಬಂತು.

ಆ ಉಪನ್ಯಾಸಕರು ಸೋಮಾರಿಯಲ್ಲ, ದಡ್ಡರೂ ಅಲ್ಲ. ಅವರಿಗೆ ಅವರ ಶಿಕ್ಷಕರು ಹೇಳಿಕೊಟ್ಟದ್ದೂ ಅದೇ ಅರ್ಧ ಮಾತು. ಅನುವಾದಕನಿಗೆ ‘ಸುಮ್ಮನೆ ಅನುವಾದ ಮಾಡು, ಜಾಣತನ ಬೇಡ’ ಎಂದರೆ ಹೆಚ್ಚು ಸುರಕ್ಷಿತ ಎಂದು ಅವರು ಭಾವಿಸಿದ್ದು ಆ ಮಾತಿನಿಂದ ಸಹಜವಾಗಿ ಹೊರಡುವ ತೀರ್ಮಾನ. ಮಲೆ ಮಹದೇಶ್ವರ ಬೆಟ್ಟದ ಕಡೆಯಿಂದಲೋ ಬಿಳಿಗಿರಿರಂಗನ ಬೆಟ್ಟದ ಕಡೆಯಿಂದಲೋ ಬರುವ ಮಗುವಿಗೆ ಲ್ಯಾಬ್ ಬಿಟ್ಟರೆ ಕಂಪ್ಯೂಟರು ಇಲ್ಲ. ಅಂಥ ಕಡೆ ಶಿಕ್ಷಕರ ಅರ್ಧ ತಿಳಿವಳಿಕೆಯ ಬೆಲೆಯನ್ನು ಮಕ್ಕಳು ತೆರುತ್ತಾರೆ.

ಮುಕ್ತ ತಂತ್ರಾಂಶವೇನೂ ಕನ್ನಡದ ಮಕ್ಕಳಿಗೆ ದೂರದ್ದಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳ ಮಕ್ಕಳು ಕೇರಳ ಸರ್ಕಾರದ ಕೈಟ್ ಸಂಸ್ಥೆ ಸಿದ್ಧಪಡಿಸಿದ ಲಿನಕ್ಸಿನಲ್ಲೇ ಕಲಿಯುತ್ತಾರೆ. ನಮ್ಮಲ್ಲೂ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು ಬಳಸಿದ್ದಾರೆ. ಕಂಪೈಲರಿನ ಆಪ್ಟಿಮೈಸೇಶನ್ನೂ ದೂರದ್ದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವೈ.ಎನ್. ಶ್ರೀಕಾಂತ್ ಮತ್ತು ಪ್ರೀತಿ ಶಂಕರ್ ಸಂಪಾದಿಸಿದ ಕಂಪೈಲರ್ ಕೈಪಿಡಿ 2002ರಲ್ಲೇ ಹೊರಬಂತು. ಅದರ ಮುಖ್ಯ ವಿಷಯವೇ ಆಪ್ಟಿಮೈಸೇಶನ್. ಶ್ರೀಕಾಂತ್ ಅವರ ಕಂಪೈಲರ್ ಉಪನ್ಯಾಸಗಳು ಎನ್‌ಪಿಟಿಇಎಲ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ಬರುವ ಆಕ್ಷೇಪಗಳು

ಪಠ್ಯಕ್ರಮದಲ್ಲಿ ಇಲ್ಲ ಎಂಬುದು ಮೊದಲ ಆಕ್ಷೇಪ. ನಾನು ಹೊಸ ಘಟಕ ಸೇರಿಸಿ ಎನ್ನುತ್ತಿಲ್ಲ. ಇರುವ ವ್ಯಾಖ್ಯೆಯನ್ನು ಪೂರ್ಣಗೊಳಿಸಿ ಎನ್ನುತ್ತಿದ್ದೇನೆ.

ಎರಡನೆಯದು ಹೆಚ್ಚು ಗಟ್ಟಿಯಾದದ್ದು: ಪಿಯುಸಿಯಲ್ಲಿ ಸಿ ಪ್ಲಸ್ ಪ್ಲಸ್ ಹೋಗಿ ಪೈಥಾನ್ ಬಂದಿದೆ, ಇನ್ನು ಕಂಪೈಲರಿನ ಮಟ್ಟಗಳು ಯಾರಿಗೆ ಬೇಕು? ಮಕ್ಕಳು ಬಳಸುವ ಪೈಥಾನ್ ಇಂಟರ್‌ಪ್ರಿಟರ್ ತಾನೇ ಸಿ ಭಾಷೆಯಲ್ಲಿ ಬರೆದದ್ದು, ಅದನ್ನು ಕಟ್ಟುವಾಗ ರೂಢಿಯ ಮಟ್ಟ ಓ3. ಅದಕ್ಕಿಂತ ಮುಖ್ಯವಾಗಿ, ಪೈಥಾನಿಗೂ ಒಂದು ‘ಓ’ ಆಯ್ಕೆ ಇದೆ. ಅದನ್ನು ಕೊಟ್ಟು ಓಡಿಸಿದರೆ ‘ಅಸರ್ಟ್’ ಎಂಬ ಪರೀಕ್ಷಾ ಸಾಲುಗಳೆಲ್ಲ ಮಾಯವಾಗುತ್ತವೆ. ಅಂಕ ನೂರಕ್ಕಿಂತ ಹೆಚ್ಚಿರಬಾರದು ಎಂಬ ಪರೀಕ್ಷೆಯನ್ನು ಅಸರ್ಟ್‌ನಲ್ಲಿ ಬರೆದ ವಿದ್ಯಾರ್ಥಿನಿಯ ಪ್ರೋಗ್ರಾಮು ಆಗ 105 ಅಂಕವನ್ನೂ ಒಪ್ಪಿಕೊಳ್ಳುತ್ತದೆ. ಇದನ್ನು ಯಾವ ಲ್ಯಾಬಿನಲ್ಲಾದರೂ ಎರಡು ನಿಮಿಷದಲ್ಲಿ ತೋರಿಸಬಹುದು.

ಮೂರನೆಯ ಆಕ್ಷೇಪವನ್ನು ಪ್ರಶಿಕ್ಷಣಾರ್ಥಿಗಳು ಮೆಲ್ಲಗೆ ಹೇಳುತ್ತಾರೆ: ‘ಸಾರ್, ವ್ಯಾಖ್ಯೆ ಬಿಟ್ಟು ಬೇರೆ ಹೇಳಿದರೆ ವೀಕ್ಷಕರು ಅಂಕ ಕಡಿಮೆ ಮಾಡಿಬಿಡುತ್ತಾರೆ.’ ಈ ಭಯಕ್ಕೆ ಉತ್ತರ ಕೊಡಬೇಕಾದವರು ಅವರಲ್ಲ, ನಾವು.

ಒಂದು ಅವಧಿಯ ಪಾಠ

ನಲವತ್ತು ನಿಮಿಷದ ಅವಧಿಯನ್ನು ಹೀಗೆ ಹಂಚಬಹುದು. ಮೊದಲ ಐದು ನಿಮಿಷ ಪೀಠಿಕೆಯಾಗಿ ಗೌಸ್‌ನ ಕಥೆ. ಮುಂದಿನ ಹತ್ತು ನಿಮಿಷ ಒಂದು ಚಟುವಟಿಕೆ. ಇಬ್ಬರು ಮಕ್ಕಳನ್ನು ಕರೆಯಿರಿ. ಒಂದರಿಂದ ಹತ್ತರವರೆಗೆ ಕೂಡಿಸಿ ಉತ್ತರ ಹೇಳು ಎಂದು ಮೊದಲನೆಯವಳಿಗೆ, ಪ್ರತಿ ಸಂಖ್ಯೆ ಕೂಡಿಸಿದಾಗಲೂ ಒಂದು ಚಪ್ಪಾಳೆ ತಟ್ಟುತ್ತಾ ಕೂಡಿಸು ಎಂದು ಎರಡನೆಯವನಿಗೆ ಚೀಟಿ ಕೊಡಿ. ಸೂತ್ರ ಬಳಸಿ ನೇರವಾಗಿ 55 ಎನ್ನುವ ಸ್ವಾತಂತ್ರ್ಯ ಯಾರಿಗಿದೆ ಎಂದು ತರಗತಿಯನ್ನು ಕೇಳಿ. ಎರಡನೆಯವನಿಗೆ ಹತ್ತು ಚಪ್ಪಾಳೆ ತಪ್ಪಿಸಲು ಆಗದು ಎಂದು ಮಕ್ಕಳೇ ಹೇಳುತ್ತಾರೆ. ಹೊರಗೆ ಕೇಳಿಸುವುದು ಯಾವುದು, ಒಳಗಿನದು ಯಾವುದು ಎಂಬ ಭೇದ ಅಲ್ಲಿಗೆ ಬಂದಂತೆ.

ನಂತರದ ಹತ್ತು ನಿಮಿಷ ಹನೂರು ಬಸ್ಸಿನ ಆಟ. ಹುಡುಗನ ಬೆನ್ನ ಹಿಂದೆ ಇನ್ನೊಬ್ಬ ವಿದ್ಯಾರ್ಥಿ ‘ಬಸ್ಸು’ ಎಂಬ ಫಲಕ ಎತ್ತಲಿ. ಮುಂದಿನ ಹತ್ತು ನಿಮಿಷ ಪ್ರಾತ್ಯಕ್ಷಿಕೆ. ಸಿ ಕಂಪೈಲರ್ ಇದ್ದರೆ ಒಂದೇ ಫೈಲನ್ನು ಓ0 ಮತ್ತು ಓ2ರಲ್ಲಿ ಕಟ್ಟಿ, ಹೊರಬಂದ ಅಸೆಂಬ್ಲಿಯ ಸಾಲುಗಳನ್ನು ಎಣಿಸಲು ಹೇಳಿ. ಇಲ್ಲದಿದ್ದರೆ ಪೈಥಾನಿನ ಅಸರ್ಟ್ ತೋರಿಸಿ. ಕರೆಂಟೇ ಇಲ್ಲದಿದ್ದರೆ ಮೊದಲೇ ಮುದ್ರಿಸಿಟ್ಟ ಎರಡು ಹಾಳೆಗಳು ಸಾಕು.

ಕೊನೆಯ ಐದು ನಿಮಿಷಕ್ಕೆ ಮೂರು ಪ್ರಶ್ನೆಗಳು. ಕಂಪೈಲರ್ ಏನನ್ನು ಬದಲಿಸಬಹುದು? ಏನನ್ನು ಬದಲಿಸಬಾರದು? ಬದಲಿಸಬಾರದ್ದು ಯಾವುದೆಂದು ಅದಕ್ಕೆ ಹೇಳಬೇಕಾದವರು ಯಾರು? ಕಪ್ಪುಹಲಗೆಯ ಮೇಲಿನ ವ್ಯಾಖ್ಯೆ ಆಗ ಹೀಗಿರಲಿ: ‘ನಾವು ಬರೆದ ಪ್ರೋಗ್ರಾಮನ್ನು, ಭಾಷೆಯ ನಿಯಮದಂತೆ ಹೊರಗೆ ಕಾಣುವ ಫಲಿತಾಂಶ ಬದಲಾಗದ ಹಾಗೆ, ಯಂತ್ರಭಾಷೆಯಲ್ಲಿ ಮತ್ತೆ ಬರೆಯುವ ತಂತ್ರಾಂಶವೇ ಕಂಪೈಲರ್.’ ಹಳೆಯ ವ್ಯಾಖ್ಯೆಗಿಂತ ಕೆಲವೇ ಪದ ಹೆಚ್ಚು. ಪರೀಕ್ಷೆಯಲ್ಲಿ ಬರೆದರೆ ಅಂಕ ಹೋಗುವುದಿಲ್ಲ.

ಈ ಪಾಠದಿಂದ ಪ್ರಶಿಕ್ಷಣಾರ್ಥಿಗೇ ಒಂದು ಲಾಭ ಇದೆ. ಪಾಠದ ಹತ್ತನೇ ನಿಮಿಷದಲ್ಲಿ ‘ಅರ್ಥವಾಯಿತಾ?’ ಎಂದು ಕೇಳಿ, ‘ಹೂಂ ಸಾರ್’ ಎಂಬ ಉತ್ತರ ಪಡೆದು, ಆಮೇಲೆ ಗಂಟೆ ಹೊಡೆಯುವವರೆಗೂ ಮಕ್ಕಳ ಮುಖ ನೋಡದೆ ಮುಂದುವರಿಯುವ ಪಾಠಗಳನ್ನು ನಾನು ಬಹಳ ನೋಡಿದ್ದೇನೆ. ಮಗುವಿನ ತಿಳಿವಳಿಕೆ ನಮ್ಮ ಪಾಠಯೋಜನೆಯ ಹೊರಗಿನಿಂದ ಬದಲಾಗುವಂಥದ್ದು. ಅದನ್ನು ಒಂದು ಸಲ ಓದಿ ಇಟ್ಟುಕೊಳ್ಳಲು ಬರುವುದಿಲ್ಲ. ಬಸ್ಸಿನ ಆಟ ಆಡಿಸಿದ ಪ್ರಶಿಕ್ಷಣಾರ್ಥಿಗೆ ಇದನ್ನು ವೀಕ್ಷಣಾ ವಹಿಯಲ್ಲಿ ಬರೆದು ತಿಳಿಸಬೇಕಾಗುವುದಿಲ್ಲ.

ಆಪ್ಟಿಮೈಸ್ ಮಾಡುವ ಕಂಪೈಲರುಗಳ ಅಡಿಪಾಯ ಹಾಕಿದವರಲ್ಲಿ ಫ್ರಾನ್ಸಿಸ್ ಅಲೆನ್ ಒಬ್ಬರು. ಆ ಕೆಲಸಕ್ಕಾಗಿ 2006ರ ಟ್ಯೂರಿಂಗ್ ಪ್ರಶಸ್ತಿ ಪಡೆದರು. ಅದನ್ನು ಪಡೆದ ಮೊದಲ ಮಹಿಳೆ ಅವರೇ. ಅವರು ಓದಿದ್ದು ನ್ಯೂಯಾರ್ಕ್ ರಾಜ್ಯದ ಶಿಕ್ಷಕರ ಕಾಲೇಜಿನಲ್ಲಿ, ಮೊದಲು ಮಾಡಿದ್ದು ಶಾಲೆಯಲ್ಲಿ ಗಣಿತ ಪಾಠ. ಓದಿನ ಸಾಲ ತೀರಿಸಿ ಮತ್ತೆ ಶಾಲೆಗೆ ಹಿಂದಿರುಗುವ ಎಣಿಕೆಯಲ್ಲಿ 1957ರಲ್ಲಿ ಐಬಿಎಂ ಸೇರಿದರು. ಅಲ್ಲಿ ಅವರಿಗೆ ಸಿಕ್ಕ ಮೊದಲ ಕೆಲಸ, ಆಗತಾನೆ ಬಂದಿದ್ದ ಫೋರ್ಟ್ರಾನ್ ಭಾಷೆಯನ್ನು ಅಲ್ಲಿನ ವಿಜ್ಞಾನಿಗಳಿಗೆ ಕಲಿಸುವುದು. ಕಲಿಸಲೆಂದು ಕಂಪೈಲರಿನ ಒಳಗನ್ನು ಓದಿದವರು ವೃತ್ತಿಜೀವನಪೂರ್ತಿ ಅಲ್ಲೇ ಉಳಿದರು. ಶಿಕ್ಷಕರಿಗೆ ಈ ವಿಷಯ ಹೊರಗಿನದು ಎಂದು ನಾವು ಹೇಳುವಂತಿಲ್ಲ.

ಶಿಕ್ಷಕ ಪ್ರಶಿಕ್ಷಕರಾದ ನಮ್ಮ ಮುಂದೆ ನಾನಿಡುವುದು ಒಂದು ಸಣ್ಣ ಕೋರಿಕೆ. ಮುಂದಿನ ಸುತ್ತಿನ ಬೋಧನಾಭ್ಯಾಸಕ್ಕೆ ಮೊದಲು ಗಣಕ ವಿಜ್ಞಾನದ ವೀಕ್ಷಣಾ ನಮೂನೆಯಲ್ಲಿ ಒಂದು ಸಾಲು ಸೇರಿಸೋಣ: ‘ವ್ಯಾಖ್ಯೆ ಎಲ್ಲಿಯವರೆಗೆ ಸರಿ, ಎಲ್ಲಿಂದ ಮುಂದೆ ಸಾಲದು ಎಂಬುದನ್ನು ಒಂದು ಉದಾಹರಣೆಯಿಂದ ತೋರಿಸಿದ್ದಾರೆಯೇ?’ ಅದಕ್ಕೆ ಅಂಕ ಇರಲಿ. ಅಂಕ ಇದ್ದರೆ ಪ್ರಶಿಕ್ಷಣಾರ್ಥಿಗಳ ಭಯ ಹೋಗುತ್ತದೆ. ಭಯ ಹೋದರೆ ಅವರು ಓದಿಕೊಂಡು ಬರುತ್ತಾರೆ, ಹನೂರಿನ ಲ್ಯಾಬಿನಲ್ಲಿ ಡ್ರೈವರು ಕಟ್ಟಿಕೊಳ್ಳದಿದ್ದಾಗ ಮೇಕ್‌ಫೈಲು ತೆರೆದು ನೋಡುವವರು ಒಬ್ಬರಾದರೂ ಇರುತ್ತಾರೆ.